ಅಡ್ವಾನ್ಸ್ ಕೊಡೋ ಮುಂಚೆ ಒಂದು ಹಾಳೆ

ಅಂಜನಾಪುರದ ಕಡೆ ತಾರಸಿ ವಾಟರ್‌ಪ್ರೂಫಿಂಗ್ ಮಾಡ್ಸೋಕೆ ಮೇಸ್ತ್ರಿ ಬಂದ್ರೆ ಮಾತೆಲ್ಲ ಬಾಯಲ್ಲೇ. "ನಮ್ಮ ಏರಿಯಾದವ್ರೇ, ಪೇಪರ್ ಯಾಕೆ?" ಅಂತಾರೆ ಮನೇಲಿ. ನಾನಂತೂ ಒಪ್ಪಲ್ಲ ಕಣ್ರೋ. ಮೊದಲ ಮಳೆಗೇ ಸೋರಿದ್ರೆ ಏನು ತೋರಿಸ್ತೀರಾ?

ರೇರಾ ಇದೆಯಲ್ಲ ಅನ್ಬೇಡಿ. ಅದು ಫ್ಲಾಟು, ಸೈಟು ಮಾರೋ ಬಿಲ್ಡರ್‌ಗಳಿಗೆ, ನಿಮ್ಮನೆ ರಿಪೇರಿಗಲ್ಲ. ಇಲ್ಲಿ ಕೈ ಹಿಡಿಯೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೆಲಸ ಕೆಟ್ರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ. ಆದ್ರೆ ಸಾಕ್ಷಿ ಬೇಕೇ ಬೇಕು.

ಯಾವ ಕೆಲಸ, ಯಾವ ಮಾಲು, ಯಾವಾಗ ಎಷ್ಟು ದುಡ್ಡು, ಮತ್ತೆ ಸೋರಿದ್ರೆ ಯಾರ ಖರ್ಚು ಅಂತ ಬರೆದು ಇಬ್ಬರೂ ಸಹಿ ಹಾಕಿ. ಬಾಕಿ ಕೊಡದೆ ತಿಂಗಳುಗಟ್ಟಲೆ ಅಲೆಸೋ ಓನರ್‌ಗಳೂ ಇದಾರಲ್ಲ, ಮೇಸ್ತ್ರಿಗೂ ಆ ಹಾಳೆ ಬೇಕು. ಅಪ್ಪ ಬರೆಯಲ್ಲ ಅಂದ್ರೆ ನೀವೇ ಬರೀರಿ.