ಪ್ರತಿಮೆಗೂ ಒಂದು ಠರಾವು ಬೇಡವೇ?

ಕಡೂರು ತಾಲೂಕಿನ ಪಂಚನಹಳ್ಳಿಯಂಥ ಊರಲ್ಲಿ ಪಂಚಾಯಿತಿಯವರು ಒಂದು ಚರಂಡಿ ತೋಡಿಸಬೇಕಾದರೂ ಸಭೆ ಕರೆಯಬೇಕು, ಠರಾವು ಬರೆಯಬೇಕು, ಸದಸ್ಯರು ಸಹಿ ಹಾಕಬೇಕು. ನಾಳೆ ಯಾರಾದರೂ ಪ್ರಶ್ನಿಸಿದರೆ ನಡಾವಳಿ ಪುಸ್ತಕ ಉತ್ತರ ಕೊಡುತ್ತದೆ. ಆದರೆ ಈ ದೇಶ ಯಾರನ್ನು ನೆನೆಯಬೇಕು, ಯಾರನ್ನು ಮೂಲೆಗೆ ಸರಿಸಬೇಕು ಎಂಬ ದೊಡ್ಡ ಮಾತು ಬಂದಾಗ ಆ ಪುಸ್ತಕ ಎಲ್ಲಿ ಹೋಗುತ್ತದೆ?

2024ರ ಜೂನ್‌ನಲ್ಲಿ ಸಂಸತ್ತಿನ ಮುಂದಿದ್ದ ಗಾಂಧಿ, ಅಂಬೇಡ್ಕರ್, ಶಿವಾಜಿ ಪ್ರತಿಮೆಗಳನ್ನು ಕಿತ್ತು 'ಪ್ರೇರಣಾ ಸ್ಥಳ' ಎಂಬ ಕಡೆಗೆ ಒಯ್ದರು. ಗಾಂಧಿ ಪ್ರತಿಮೆಯ ಬುಡ ವಿರೋಧ ಪಕ್ಷಗಳ ಸಂಸದರು ಧರಣಿ ಕೂರುತ್ತಿದ್ದ ಜಾಗ. ಎಲ್ಲರಿಗೂ ಒಂದೇ ಕಡೆ ನೋಡಲು ಅನುಕೂಲ ಎಂದರು. ಇರಬಹುದು. ಆದರೆ ಸದನದಲ್ಲಿ ಚರ್ಚೆಯಾಯಿತೇ? ಅದೇ ಆವರಣಕ್ಕೆ 2003ರಲ್ಲಿ ನಮ್ಮ ಬಸವಣ್ಣ, 2007ರಲ್ಲಿ ಕಿತ್ತೂರು ಚೆನ್ನಮ್ಮ ಹೋಗಿದ್ದಾರೆ. ಅವರ ಜಾಗ ನಿರ್ಧರಿಸುವಾಗ ಕರ್ನಾಟಕದ ಮಾತು ಕೇಳಬೇಕು ಎನ್ನುವ ಕಾಯ್ದೆ ಎಲ್ಲಿದೆ?

ನಮ್ಮ ಮನೆಯೂ ಸಾಚಾ ಅಲ್ಲ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಸಾವರ್ಕರ್ ಚಿತ್ರ ಏರಿತು. ತಮ್ಮನ್ನು ಕೇಳಲಿಲ್ಲ ಎಂದು ಅಂದಿನ ವಿರೋಧ ಪಕ್ಷ ಹೊರಗೆ ಧರಣಿ ಕೂತಿತು. 2023ರಲ್ಲಿ ಸರಕಾರ ಬದಲಾಯಿತು. ತೆಗೆಯಬೇಕೋ ಬೇಡವೋ ಎಂಬ ಜಗಳ ಶುರುವಾಯಿತು. ಏರಿಸುವಾಗ ನಿಯಮವಿಲ್ಲದಿದ್ದರೆ ಇಳಿಸುವಾಗ ಎಲ್ಲಿಂದ ಬರಬೇಕು?

ಅಮೆರಿಕೆಯನ್ನು ಬೈಯಲು ನಮ್ಮಲ್ಲಿ ನೂರು ಕಾರಣಗಳಿವೆ. ಈ ವಿಷಯದಲ್ಲಿ ಮಾತ್ರ ಅವರಿಂದ ಕಲಿಯಬಹುದು. 1864ರ ಕಾಯ್ದೆಯಂತೆ ಅಲ್ಲಿನ ಪ್ರತಿ ರಾಜ್ಯವೂ ಸಂಸತ್ ಭವನಕ್ಕೆ ಎರಡು ಪ್ರತಿಮೆ ಕೊಡಬಹುದು. 2000ದ ಕಾಯ್ದೆ ಬದಲಾವಣೆಗೂ ದಾರಿ ಮಾಡಿತು: ರಾಜ್ಯದ ಶಾಸನಸಭೆ ನಿರ್ಣಯ ಮಾಡಬೇಕು, ಗವರ್ನರ್ ಒಪ್ಪಬೇಕು, ಹಳೆಯ ಪ್ರತಿಮೆ ಸಾಮಾನ್ಯವಾಗಿ 10 ವರ್ಷವಾದರೂ ನಿಂತಿರಬೇಕು. ಇಳಿದದ್ದು ರಾಜ್ಯಕ್ಕೇ ಮರಳುತ್ತದೆ, ಯಾರೂ ಒಡೆಯುವುದಿಲ್ಲ. ಗುಲಾಮಗಿರಿಯ ಪರ ಸೇನೆ ನಡೆಸಿದ ರಾಬರ್ಟ್ ಲೀಯನ್ನು ವರ್ಜೀನಿಯಾ 2020ರಲ್ಲಿ ಇಳಿಸಿತು. ಆ ಜಾಗಕ್ಕೆ 2025ರಲ್ಲಿ ಬಂದವಳು ಬಾರ್ಬರಾ ಜಾನ್ಸ್. 1951ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಕರಿಯರ ಶಾಲೆಯ ದುಃಸ್ಥಿತಿಯ ವಿರುದ್ಧ ಮುಷ್ಕರ ಹೂಡಿದ ಹುಡುಗಿ.

'ಬಹುಮತವಿದ್ದವರು ಕಾಯ್ದೆಯನ್ನೂ ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರಲ್ಲ?' ಎನ್ನುವವರಿದ್ದಾರೆ. ನಿಜ. ಆದರೆ ಆಗ ಹೆಸರು ಹೇಳಿ, ಕೈ ಎತ್ತಿ, ಕಡತಕ್ಕೆ ಹಾಕಿ ಮಾಡಬೇಕಾಗುತ್ತದೆ. ಯಾರು ಏನೆಂದರು ಎಂಬುದು ಮಕ್ಕಳಿಗೆ ಉಳಿಯುತ್ತದೆ. ಕ್ರೇನ್ ಯಾರಿಗೂ ಜವಾಬು ಕೊಡುವುದಿಲ್ಲ.

ನಮ್ಮ ಮೊಹಲ್ಲಾಗಳಲ್ಲಿ ಇನ್ನೊಂದು ಮಾತು ಕೇಳುತ್ತದೆ: 'ಬುತ್‌ಗಳ ವಿಷಯ ನಮಗೇಕೆ?' ಪೂಜಿಸುವ ಪ್ರಶ್ನೆ ಇಲ್ಲಿಲ್ಲ ಸ್ವಾಮಿ. ಖರ್ಚಾಗುವುದು ನಮ್ಮ ತೆರಿಗೆ, ಬರೆಯಲಾಗುತ್ತಿರುವುದು ನಮ್ಮ ತವಾರೀಖ್. ಕಲ್ಲಿಗೆ ತಲೆಬಾಗದವನೂ ಸಭೆಯಲ್ಲಿ ಕೈ ಎತ್ತಬಹುದು. ಶಿಶುನಾಳ ಶರೀಫಜ್ಜನ ಹೆಸರು ಹೇಳಲು ಒಬ್ಬ ಶಾಸಕ ಎದ್ದು ನಿಲ್ಲಬೇಕಾದರೆ ಮೊದಲು ಆ ಚರ್ಚೆಯೇ ನಡೆಯಬೇಕಲ್ಲ?

2013ರಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬೇಡಿ ಎಂದು ಸರಕಾರಗಳಿಗೆ ಹೇಳಿತು. ರಸ್ತೆಗೆ ಕೋರ್ಟು ಬಂತು. ಸೌಧಗಳಿಗೆ ಶಾಸಕರೇ ಬರಲಿ. ಏರಿಸಲು, ಸರಿಸಲು, ಇಳಿಸಲು ಒಂದೇ ಮಸೂದೆ ತರಲಿ. ಚರಂಡಿಗಿರುವ ಮರ್ಯಾದೆ ಚರಿತ್ರೆಗೂ ಸಿಗಲಿ.