ಆನೆ ಓಡಾಡುವ ದಾರಿಯಲ್ಲಿ ಬಸುರಿಯ ಊಟ



ಕಾಡಾನೆ ವಿಚಾರವಾಗಿ ನಮ್ಮ ಕಡೆ ಸಭೆ ಸೇರಿದಾಗಲೆಲ್ಲ ಲೆಕ್ಕಕ್ಕೆ ಬರುವುದು ತುಳಿದ ಗದ್ದೆ, ಮುರಿದ ಕಾಫಿ ಗಿಡ, ಸತ್ತ ಮನುಷ್ಯರು, ಸತ್ತ ಆನೆ. 2014ರಲ್ಲಿ ಹಾಸನ ಜಿಲ್ಲೆಯ ಆಲೂರು ಭಾಗದಿಂದ 22 ಆನೆ ಹಿಡಿದು ಸಾಗಿಸಿದ್ದು, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ದಸರಾ ಅಂಬಾರಿ ಹೊತ್ತಿದ್ದ ಆನೆ ಅರ್ಜುನ ಪ್ರಾಣ ಬಿಟ್ಟಿದ್ದು ಎಲ್ಲರಿಗೂ ನೆನಪಿದೆ. ಭೀಮ, ಕರಡಿ ಅಂತ ಆನೆಗಳಿಗೆ ಹೆಸರಿದೆ, ಕೆಲವಕ್ಕೆ ರೇಡಿಯೋ ಕಾಲರ್ ಇದೆ. ಆ ಆನೆಗಳು ಓಡಾಡುವ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ರಾತ್ರಿಯಿಡೀ ಕಿವಿ ನಿಗುರಿಸಿಕೊಂಡು ಮಲಗುವ ಬಸುರಿ ಹೆಂಗಸು ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ.

ಅವಳಿಗೆ ನಾವು ಕೊಡುವುದು ಬುದ್ಧಿಮಾತು. ಅಂಗನವಾಡಿಯ ಸೀಮಂತದಲ್ಲಿ ಹಸಿರು ಬಳೆ ತೊಡಿಸಿ, ‘ಖುಷಿಯಾಗಿರಿ, ಯೋಚನೆ ಮಾಡಬೇಡಿ, ಮಗುವಿನ ಮೆದುಳಿಗೆ ಒಳ್ಳೆಯದಲ್ಲ’ ಎನ್ನುತ್ತೇವೆ. ಜೊತೆಗೆ ಹೊಟ್ಟೆಯಲ್ಲಿದ್ದಾಗಲೇ ಪಾಠ ಕೇಳಿಸಿಕೊಂಡ ಅಭಿಮನ್ಯುವಿನ ಕತೆ. ಅವನ ತಾಯಿ ಸುಭದ್ರೆ ಸಂಜೆ ಆರಕ್ಕೆ ಸೌದೆ ಹೊತ್ತು ತೋಟದ ಒಳದಾರಿಯಲ್ಲಿ ಬರಬೇಕಿರಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ನನ್ನ ತಕರಾರು ಈ ಬುದ್ಧಿಮಾತಿನ ಬಗ್ಗೆಯೇ.

ವಿಜ್ಞಾನ ಹೇಳುವುದು ಬೇರೆ. ತಾಯಿ ಹೆದರಿದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಮಾಸು ಅದರ ಬಹುಪಾಲನ್ನು ನಿಷ್ಕ್ರಿಯ ಮಾಡಿಯೇ ಮಗುವಿನ ಕಡೆಗೆ ಬಿಡುತ್ತದೆ. ಆದ್ದರಿಂದ ಒಂದು ರಾತ್ರಿ ಆನೆ ಘೀಳಿಟ್ಟಿತೆಂದು ಯಾವ ಬಸುರಿಯೂ ಕಂಗಾಲಾಗಬೇಕಿಲ್ಲ. ತಿಂಗಳುಗಟ್ಟಲೆ ಆತಂಕ ಮುಂದುವರಿದರೆ ಮಾಸಿನ ಈ ತಡೆ ಸಡಿಲವಾಗಬಹುದು ಎನ್ನುತ್ತಾರೆ ತಜ್ಞರು.

ಬಸುರಿಯರ ಇಂಥ ಕಷ್ಟದ ಬಗ್ಗೆ ಒಂದು ಅಧ್ಯಯನವಿದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಿಮಗಟ್ಟುವ ಮಳೆ ಸುರಿದು ವಿದ್ಯುತ್ ಕಂಬಗಳೇ ಮುರಿದುಬಿದ್ದವು. ಕೆಲವು ಮನೆಗಳಿಗೆ ಆ ಕೊರೆಯುವ ಚಳಿಯಲ್ಲಿ ನಲವತ್ತು ದಿನ ದಾಟಿದರೂ ಕರೆಂಟು ಬರಲಿಲ್ಲ. ಆಗ ಬಸುರಿಯಾಗಿದ್ದವರ ಮಕ್ಕಳನ್ನು ಸಂಶೋಧಕಿ ಸೂಜನ್ ಕಿಂಗ್ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ಗಮನಿಸಿದರು. ಹೆಚ್ಚು ಕಷ್ಟಕ್ಕೆ ಸಿಕ್ಕಿದ್ದ ತಾಯಂದಿರ ಮಕ್ಕಳು ಎರಡನೇ ವರ್ಷದಲ್ಲೂ ಐದೂವರೆ ವರ್ಷದಲ್ಲೂ ಮಾತು, ಗ್ರಹಿಕೆಯ ಪರೀಕ್ಷೆಗಳಲ್ಲಿ ಸರಾಸರಿಯಾಗಿ ಸ್ವಲ್ಪ ಹಿಂದಿದ್ದರು. ದಡ್ಡರಾದರು ಎಂದಲ್ಲ, ಎಲ್ಲ ಮಕ್ಕಳಿಗೂ ಹಾಗಾಯಿತು ಎಂದೂ ಅಲ್ಲ. ಮುಖ್ಯ ಸಂಗತಿ ಇನ್ನೊಂದು: ಈ ವ್ಯತ್ಯಾಸ ಹೆಚ್ಚಾಗಿ ಹೊಂದಿಕೊಂಡದ್ದು ತಾಯಿ ಎಷ್ಟು ಮನಸ್ಸಿಗೆ ಹಚ್ಚಿಕೊಂಡಳು ಎಂಬುದರ ಜೊತೆಗಲ್ಲ, ಎಷ್ಟು ದಿನ ಕರೆಂಟಿಲ್ಲದೆ, ಮನೆ ಬಿಟ್ಟು, ನಿಜವಾದ ಕಷ್ಟ ಪಟ್ಟಳು ಎಂಬುದರ ಜೊತೆಗೆ. ಅಂದಮೇಲೆ ಕಡಿಮೆ ಮಾಡಬೇಕಾದದ್ದು ಆ ಕಷ್ಟವನ್ನು. ‘ಖುಷಿಯಾಗಿರಿ’ ಎಂದರೆ ಅದು ಕಡಿಮೆಯಾಗುತ್ತದೆಯೇ?

ಮಾತೃಪೂರ್ಣ ಯೋಜನೆಯನ್ನೇ ನೋಡಿ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಇದರ ಉದ್ದೇಶ ಚಿನ್ನದಂಥದ್ದು: ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ, ಮೊಟ್ಟೆ. ಆದರೆ ಮೂಲ ನಿಯಮದಂತೆ ಅಂಗನವಾಡಿಗೇ ಬಂದು ಉಣ್ಣಬೇಕು. ಬಯಲುಸೀಮೆಯ ಊರಿನಲ್ಲಿ ಅದು ನಾಲ್ಕು ಹೆಜ್ಜೆಯಿರಬಹುದು. ನಮ್ಮಲ್ಲಿ ಮನೆಗಳಿರುವುದು ಗುಡ್ಡಕ್ಕೊಂದು, ನಡುವೆ ತೋಟ, ತೋಟದಲ್ಲಿ ಆನೆ. ‘ಇಂಥ ಕಡೆ ಆನೆಗಳಿವೆ, ಓಡಾಡಬೇಡಿ’ ಎಂದು ಒಂದು ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಇನ್ನೊಂದು ಇಲಾಖೆ ‘ಬಂದು ಉಣ್ಣಿ’ ಎನ್ನುತ್ತದೆ. ತುಂಬು ಬಸುರಿ ಯಾವುದನ್ನು ಕೇಳಬೇಕು? ಕೋವಿಡ್ ಕಾಲದಲ್ಲಿ ಇದೇ ಯೋಜನೆಯ ಪದಾರ್ಥಗಳನ್ನು ಮನೆಗೇ ಕೊಟ್ಟರು. ಆನೆ ಇಳಿದ ದಿನ ಕೊಡಲು ಏನು ಅಡ್ಡಿ?

ಇನ್ನು ತಪಾಸಣೆ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ಬಿಪಿ, ರಕ್ತ, ತೂಕ ನೋಡುತ್ತಾರೆ. ನಿದ್ದೆ ಬರುತ್ತಿದೆಯೇ, ಭಯವಾಗುತ್ತಿದೆಯೇ ಎಂದೂ ಅಷ್ಟೇ ನಿಯಮವಾಗಿ ಕೇಳಬೇಕು. ಅದಕ್ಕೆಂದೇ ಎಡಿನ್‌ಬರೋ ಪ್ರಶ್ನಾವಳಿಯಿದೆ, ಬರೀ ಹತ್ತು ಪ್ರಶ್ನೆ; ಕನ್ನಡದಲ್ಲೇ ಇದೆ, ಕರ್ನಾಟಕದ ಹಳ್ಳಿಯ ಗರ್ಭಿಣಿಯರಲ್ಲೇ ಪರೀಕ್ಷಿಸಿಯೂ ಆಗಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಕಾರ್ಯಕ್ರಮವೂ ರಾಜ್ಯದಲ್ಲಿದೆ. 9ನೇ ತಾರೀಕಿನ ಸಾಲಿನಲ್ಲಿ ನಿಂತವಳಿಗೆ ಆ ಮಂಗಳವಾರದ ಚೀಟಿ ಕೊಟ್ಟು ಕಳಿಸಿದರೆ ಸಾಕು. ಅಷ್ಟು ದೂರ ಬರಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಆ ಸಂಖ್ಯೆಯನ್ನು ತಾಯಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡಲಿ. ನೆಟ್‌ವರ್ಕ್ ಸಿಗುವ ಗುಡ್ಡ ಯಾವುದೆಂದು ಅವಳಿಗೇ ಗೊತ್ತು!

ಬೆಳೆಗಾರರಾದ ನಾವು ಸರ್ಕಾರವನ್ನಷ್ಟೇ ಬೈದು ಕೂರುವಂತೆಯೂ ಇಲ್ಲ. ಎಷ್ಟೋ ಲೈನ್ ಮನೆಗಳಿಗೆ ಇಂದಿಗೂ ಪಾಯಿಖಾನೆ ಹೊರಗೆ, ಕತ್ತಲಲ್ಲಿ. ಬಸುರಿಗೆ ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಒಬ್ಬಳೇ ಹೋಗಲು ಹೆದರಿ ಸಂಜೆಯಿಂದಲೇ ನೀರು ಕುಡಿಯದಿರುವವರೂ ಇದ್ದಾರೆ. ಗೋಡೆಗೆ ಹೊಂದಿಕೊಂಡಂತೆ ಒಂದು ಪಾಯಿಖಾನೆ, ಅಂಗಳಕ್ಕೊಂದು ಸೋಲಾರ್ ದೀಪ, ಬಸುರಿಯರಿಗೆ ಮನೆ ಹತ್ತಿರದ ಕಣದಲ್ಲೇ ಕೆಲಸ. ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಇಷ್ಟನ್ನು ಮಾಡಲು ನಮಗೆ ಯಾವ ಇಲಾಖೆಯ ಆದೇಶವೂ ಬೇಕಿಲ್ಲ.

— ಒಬ್ಬ ಸಣ್ಣ ಬೆಳೆಗಾರ್ತಿ, ಹಾನುಬಾಳು, ಸಕಲೇಶಪುರ ತಾಲ್ಲೂಕು