ಬಿದ್ದವನ ಖರ್ಚು ಯಾರದ್ದು?

ಗುರುವಾರ ಸಂಜೆ ಆಫೀಸಿನಲ್ಲಿ ನಮ್ಮ ಲಿವರ್‌ಪೂಲಿನ ಸಹೋದ್ಯೋಗಿ ಒಂದು ಟೋಪಿ ಹಿಡ್ಕೊಂಡು ಸೀಟಿಂದ ಸೀಟಿಗೆ ಬಂದ. ಟೋಪಿ ತುಂಬ ಮಡಚಿದ ಚೀಟಿಗಳು. "ಒಂದು ಎತ್ತು" ಅಂದ. ಎತ್ತಿದೆ. ಬಾಯಿಗೆ ಬಾರದ ಹೆಸರಿನ ಒಂದು ಕುದುರೆ ನನ್ನ ಪಾಲಿಗೆ ಬಂತು. ಶನಿವಾರ ಅವನ ಊರಿನ ಏಂಟ್ರೀ ಮೈದಾನದಲ್ಲಿ ಗ್ರ್ಯಾಂಡ್ ನ್ಯಾಷನಲ್ ಓಟ. ಇಂಗ್ಲೆಂಡಿನ ಎಲ್ಲ ಆಫೀಸುಗಳಲ್ಲೂ ಹೀಗೆ ಚೀಟಿ ಎತ್ತುತ್ತಾರಂತೆ. ಕತಾರಿನಲ್ಲಿ ಬೆಟ್ಟಿಂಗ್ ಕಟ್ಟುವ ಹಾಗಿಲ್ಲ, ಆದ್ದರಿಂದ ದುಡ್ಡಿನ ಮಾತೇ ಇಲ್ಲ. ಗೆದ್ದ ಕುದುರೆಯ ಚೀಟಿ ಯಾರ ಹತ್ತಿರ ಇದೆಯೋ ಅವನೇ ಎಲ್ಲರಿಗೂ ಕರಕ್ ಚಾ ಕುಡಿಸಬೇಕು ಅಂತ ತೀರ್ಮಾನ ಆಯ್ತು. ಅಂದ್ರೆ ಸೋತವನೇ ಇಲ್ಲಿ ಪುಣ್ಯವಂತ!

ಚೀಟಿ ಜೇಬಿಗೆ ಹಾಕ್ಕೊಂಡು ಮದೀನತ್ ಖಲೀಫಾದ ಮನೆಗೆ ಬಂದು ಅಕ್ಕಿ ತೊಳೀತಾ ಇದ್ದೆ. ಊರಿಂದ ಚಿಕ್ಕಮ್ಮನ ಫೋನು. ನಮ್ಮ ಮನೆಯಲ್ಲಿ ಮಾತು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೀತೀನಿ.

"ಮಗಾ, ಅವನಿಗೆ ಅಲ್ಲಿ ಎಂತದಾದ್ರೂ ಒಂದು ಕೆಲ್ಸ ನೋಡು. ಡ್ರೈವರ್ ಕೆಲ್ಸ ಆದ್ರೂ ಸಾಕು. ಈ ಕೋಣ ಓಡಿಸುದು ಒಮ್ಮೆ ನಿಲ್ಲಬೇಕು ನನಗೆ."

ಅವನು ಅಂದ್ರೆ ಚಿಕ್ಕಮ್ಮನ ಮಗ, ನನ್ನ ತಮ್ಮ. ಇಪ್ಪತ್ಮೂರು ವರ್ಷ. ಮಳೆಗಾಲದಲ್ಲಿ ಪಿಕಪ್ ಓಡಿಸ್ತಾನೆ, ನವೆಂಬರ್ ಬಂತು ಅಂದ್ರೆ ಕಂಬಳದಲ್ಲಿ ಕೋಣ ಓಡಿಸ್ತಾನೆ. ಹಗ್ಗ ಕಿರಿಯ ವಿಭಾಗ. ಕೋಣ ಅವನದ್ದಲ್ಲ, ಒಬ್ಬ ಯಜಮಾನರದ್ದು. ಈ ಸಲ ಫೆಬ್ರವರಿಯಲ್ಲಿ ಮಂಜೊಟ್ಟಿ ಹತ್ತಿರ, ಅಂದ್ರೆ ಓಟ ಮುಗಿಯುವ ಜಾಗದಲ್ಲಿ, ಕಾಲು ಜಾರಿ ಬಿದ್ದ. ಕಾಲರ್ ಬೋನ್ ಮುರಿಯಿತು. ಆರು ವಾರ ಕೈ ಜೋಲಿಯಲ್ಲಿ ಇತ್ತು.

"ನೋಡ್ತೇನೆ ಚಿಕ್ಕಮ್ಮ" ಅಂದೆ. ನಾವು ಹೊರಗಿರೋರು ಊರಿಗೆ ಅತಿ ಹೆಚ್ಚು ಸಲ ಹೇಳುವ ಮಾತು ಇದೇ ಅಲ್ವಾ?

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಕಾಸರಗೋಡಿನ ಮಾವ ಶಹಾನಿಯಾಕ್ಕೆ ಹೊರಟಿದ್ರು, ಒಂಟೆ ಓಟದ ಅಭ್ಯಾಸ ನೋಡಲಿಕ್ಕೆ. "ಬರ್ತೀಯಾ?" ಅಂದ್ರು, ಹೋದೆ. ದುಖಾನ್ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದ್ರೆ ಮುಕ್ಕಾಲು ಗಂಟೆಯೊಳಗೆ ಬೇಲಿ ಹಾಕಿದ ಉದ್ದನೆಯ ಟ್ರ್ಯಾಕ್ ಸಿಗುತ್ತೆ. ಪ್ರತಿ ವರ್ಷ ಅಮೀರರ ಹೆಸರಿನ ಖಡ್ಗಕ್ಕಾಗಿ ದೊಡ್ಡ ಒಂಟೆ ಓಟ ನಡೆಯೋದು ಇಲ್ಲೇ.

ಒಂಟೆ ಓಟ ನೋಡದವರಿಗೆ ಹೇಳ್ತೀನಿ. ಒಂಟೆಗಳ ಗುಂಪು ಕತ್ತು ಚಾಚಿಕೊಂಡು ಓಡುತ್ತೆ. ಟ್ರ್ಯಾಕಿನ ಪಕ್ಕದ ರಸ್ತೆಯಲ್ಲಿ ಅಷ್ಟೇ ವೇಗದಲ್ಲಿ ಲ್ಯಾಂಡ್ ಕ್ರೂಸರುಗಳ ಸಾಲು. ಒಳಗೆ ಒಂಟೆಯ ಮಾಲೀಕರು, ತರಬೇತುದಾರರು. ಕೈಯಲ್ಲಿ ರಿಮೋಟು, ಬಾಯಿಯ ಹತ್ತಿರ ವಾಕಿಟಾಕಿ. ಒಂಟೆಯ ಬೆನ್ನಿನ ಮೇಲೆ ಸಣ್ಣ ಟಿಫಿನ್ ಕ್ಯಾರಿಯರ್ ಗಾತ್ರದ ಒಂದು ಯಂತ್ರ, ಅದಕ್ಕೊಂದು ಬಣ್ಣದ ಅಂಗಿ. ರಿಮೋಟಿನ ಗುಂಡಿ ಒತ್ತಿದ್ರೆ ಯಂತ್ರದ ಚಾವಟಿ ಗಿರ್ರನೆ ತಿರುಗುತ್ತೆ. ಯಂತ್ರದೊಳಗಿನ ಸ್ಪೀಕರಿನಿಂದ ಯಜಮಾನನ ಕೂಗು ನೇರ ಒಂಟೆಯ ಕಿವಿಗೆ. ಇದೇ ರೋಬೋಟ್ ಜಾಕಿ. ನನಗೆ ಮೊದಲು ನಗು ಬಂತು.

ಮಾವ ನಗಲಿಲ್ಲ. ಅವರು ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. "ಆಗ ಅಲ್ಲಿ ಮಕ್ಕಳು ಕೂತಿರ್ತಿದ್ರು" ಅಂದ್ರು.

ಹೌದು. 2005ಕ್ಕೆ ಮೊದಲು ಕೊಲ್ಲಿಯ ದೇಶಗಳಲ್ಲಿ ಒಂಟೆ ಓಡಿಸ್ತಿದ್ದದ್ದು ಸಣ್ಣ ಸಣ್ಣ ಹುಡುಗರು. ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನಿನ ಬಡ ಮನೆಗಳಿಂದ ತಂದವರು. ಕೆಲವರಿಗೆ ನಾಲ್ಕೈದು ವರ್ಷ ಮಾತ್ರ. ಸವಾರ ಹಗುರಾದಷ್ಟೂ ಒಂಟೆ ವೇಗ, ಹಾಗಾಗಿ ತೂಕ ಏರದ ಹಾಗೆ ಅರೆಹೊಟ್ಟೆಯಲ್ಲಿ ಇಡ್ತಿದ್ರು. ಬಿದ್ದರೆ ಹಿಂದಿನಿಂದ ಬರುವ ಒಂಟೆಗಳ ಕಾಲಡಿ. ಮಾನವ ಹಕ್ಕು ಸಂಘಟನೆಗಳ ಒತ್ತಡ ವರ್ಷಗಟ್ಟಲೆ ನಡೆದ ಮೇಲೆ 2005ರಲ್ಲಿ ಕತಾರ್ ಕಾನೂನು ತಂದು ಮಕ್ಕಳನ್ನು ಜಾಕಿಗಳಾಗಿ ಬಳಸೋದನ್ನ ನಿಷೇಧಿಸಿತು. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಕೆ-ಟೀಮ್ ಅನ್ನೋ ಕಂಪನಿ ಕತಾರಿಗಾಗಿ ರೋಬೋಟ್ ಜಾಕಿ ತಯಾರು ಮಾಡಿತು. ಪಕ್ಕದ ಯುಎಇಯಲ್ಲಿ ಅದೇ ವರ್ಷ ಯುನಿಸೆಫ್ ಜೊತೆ ಸೇರಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರವರ ದೇಶಕ್ಕೆ ವಾಪಸ್ ಕಳಿಸುವ ಕೆಲಸ ಶುರುವಾಯ್ತು.

ಮೊದಲ ರೋಬೋಟುಗಳು ಇಪ್ಪತ್ತು ಕೆಜಿಗೂ ಹೆಚ್ಚು ತೂಗ್ತಿದ್ವು, ಮನುಷ್ಯನ ಹಾಗೆ ಮುಖ, ಕೈ ಎಲ್ಲ ಇತ್ತು. ಈಗಿನವು ಕೆಲವೇ ಕೆಜಿ. ಡ್ರಿಲ್ ಮಷೀನಿನ ಮೋಟಾರು, ಬ್ಯಾಟರಿ, ಚಾವಟಿ ಇದ್ದರೆ ಮುಗೀತು. ಮುಖ ಬೇಕಿಲ್ಲ ಅಂತ ಗೊತ್ತಾಯ್ತಲ್ಲ!

ನಾನು ಇಂಜಿನಿಯರು, ನನಗೆ ಎಲ್ಲ ಕಡೆ 'ರಿಕ್ವೈರ್‌ಮೆಂಟ್' ಕಾಣೋದು ದುರಭ್ಯಾಸ. ವಾಪಸ್ ಬರುವಾಗ ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಹಗುರ ಇರಬೇಕು, ಅಳಬಾರದು, ಹೇಳಿದಾಗ ಹೊಡೀಬೇಕು, ಬಿದ್ದರೆ ಬದಲಿ ಸಿಗಬೇಕು. ಈ ಪಟ್ಟಿಗೆ ಮೊದಲು ಹೊಂದುತ್ತಿದ್ದದ್ದು ಒಂದು ಮಗು! ನಾನು ಬರೆಯುವ ಗೋದಾಮಿನ ಸಾಫ್ಟ್‌ವೇರಿನಿಂದ ಹೋದ ವರ್ಷ ರಿಜಿಸ್ಟರ್ ಬರೀತಿದ್ದ ನಾಲ್ಕು ಜನರ ಕೆಲಸ ಹೋಯ್ತು. ಅವತ್ತಿಂದ ಯಂತ್ರ ಮನುಷ್ಯನ ಜಾಗಕ್ಕೆ ಬಂತು ಅಂದ್ರೆ ನನಗೆ ಒಳಗೊಳಗೇ ಚುಚ್ಚುತ್ತೆ. ಆದರೆ ಈ ಯಂತ್ರಕ್ಕೆ ಮಾತ್ರ ಕೈ ಮುಗಿದುಬಿಟ್ಟೆ.

ಹಾಗಾದರೆ ತಮ್ಮನನ್ನೂ ಓಟದಿಂದ ಬಿಡಿಸೋದೇ ಸರಿ ಅಂತ ಅನ್ನಿಸ್ತಾ ಇತ್ತು. ಅಷ್ಟರಲ್ಲಿ ಶನಿವಾರ ಬಂತು.

ಇಲ್ಲಿ ಸಂಜೆ ಆರಕ್ಕೆ ಗ್ರ್ಯಾಂಡ್ ನ್ಯಾಷನಲ್ ಶುರು. ಚಾ ಮಾಡ್ಕೊಂಡು ಕೂತೆ. ನಮ್ಮ ಬೆಂಗಳೂರು, ಮೈಸೂರಿನ ರೇಸುಗಳ ಹಾಗೆ ಸಪಾಟು ನೆಲದ ಓಟ ಅಲ್ಲ ಇದು. ಸುಮಾರು ಏಳು ಕಿಲೋಮೀಟರು, ಮೂವತ್ತು ಬೇಲಿ ಹಾರಬೇಕು. 1839ರ ಓಟದಲ್ಲಿ ಕ್ಯಾಪ್ಟನ್ ಬೆಚರ್ ಅನ್ನೋ ಸವಾರ ಒಂದು ಬೇಲಿಯ ಆಚೆ ಹಳ್ಳಕ್ಕೆ ಬಿದ್ದ. ಇವತ್ತಿಗೂ ಆ ಬೇಲಿಗೆ ಅವನದ್ದೇ ಹೆಸರು, ಬೆಚರ್ಸ್ ಬ್ರೂಕ್. ಗೆದ್ದವನ ಹೆಸರು ಎಷ್ಟು ಜನರಿಗೆ ನೆನಪಿದೆಯೋ, ಬಿದ್ದವನ ಹೆಸರು ಉಳಿದಿದೆ. 1956ರಲ್ಲಿ ರಾಜಮಾತೆಯ ಕುದುರೆ ಡೆವನ್ ಲಾಕ್ ಇನ್ನೇನು ಗೆದ್ದೇಬಿಡ್ತು ಅನ್ನುವಾಗ ಐವತ್ತು ಗಜ ಮುಂಚೆ ಹೊಟ್ಟೆ ಮೇಲೆ ಕುಸಿಯಿತು. ಅದರ ಜಾಕಿ ಡಿಕ್ ಫ್ರಾನ್ಸಿಸ್ ಆಮೇಲೆ ಪತ್ತೇದಾರಿ ಕಾದಂಬರಿ ಬರೆದು ಪ್ರಸಿದ್ಧನಾದ. 2021ರಲ್ಲಿ ಮಿನೆಲ್ಲಾ ಟೈಮ್ಸ್ ಕುದುರೆಯಲ್ಲಿ ರೇಚಲ್ ಬ್ಲ್ಯಾಕ್‌ಮೋರ್ ಗೆದ್ದು, ಈ ಓಟ ಗೆದ್ದ ಮೊದಲ ಹೆಣ್ಣು ಜಾಕಿ ಆದಳು. ಕುದುರೆಗಳ ಸಾವಿನ ಬಗ್ಗೆ ಟೀಕೆ ಬಂದು ಬಂದು, ಬೇಲಿಗಳ ಒಳಗಿನ ಮರದ ತೊಲೆ ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದ್ದಾರೆ. 2024ರಿಂದ ಕುದುರೆಗಳ ಸಂಖ್ಯೆಯನ್ನ ನಲವತ್ತರಿಂದ ಮೂವತ್ನಾಲ್ಕಕ್ಕೆ ಇಳಿಸಿದ್ದಾರೆ.

ನನ್ನ ಕುದುರೆ ಅರ್ಧ ದಾರಿಯಲ್ಲೇ 'ಸಾಕಪ್ಪ' ಅಂತ ನಿಂತಿತು. ಕರಕ್ ಚಾದ ಖರ್ಚು ಉಳೀತು.

ಸೋಮವಾರ ಸಹೋದ್ಯೋಗಿಗೆ ತಮ್ಮನ ಕಥೆ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, "ಆಸ್ಪತ್ರೆ ಖರ್ಚು ಯಾರು ಕೊಟ್ರು?"

ಆಮೇಲೆ ಅವನೇ ವಿವರಿಸಿದ. 1964ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಪ್ಯಾಡಿ ಫ್ಯಾರೆಲ್ ಅನ್ನೋ ಜಾಕಿ ಬಿದ್ದು ಬೆನ್ನು ಮುರಿದು ಮತ್ತೆ ನಡೆಯದ ಹಾಗಾಯ್ತು. ಅದಕ್ಕೂ ಕೆಲವೇ ತಿಂಗಳು ಮೊದಲು ಟಿಮ್ ಬ್ರೂಕ್‌ಶಾ ಅನ್ನೋ ಇನ್ನೊಬ್ಬ ಜಾಕಿಗೂ ಇದೇ ಗತಿ. ಇಬ್ಬರಿಗಾಗಿ ಜನ ಹಣ ಕೂಡಿಸಿದ್ರು. ಆ ನಿಧಿಯೇ ಬೆಳೆದು ಈಗ ಗಾಯಗೊಂಡ ಜಾಕಿಗಳಿಗೆ ಚಿಕಿತ್ಸೆ, ಪುನರ್ವಸತಿ ಕೊಡುವ ಸಂಸ್ಥೆಯಾಗಿದೆ. ಆ ದೇಶದಲ್ಲೂ ಇದು ತಾನಾಗಿ ಬಂದದ್ದಲ್ಲ, ಇಬ್ಬರ ಬೆನ್ನು ಮುರಿದ ಮೇಲೆ ಬಂದದ್ದು.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ರೋಬೋಟ್ ಕಥೆ ಹೇಳಿದ್ರೆ ಬಿದ್ದು ಬಿದ್ದು ನಕ್ಕ.

"ಎಂತ ಅಣ್ಣಾ, ಕೋಣದ ಹಿಂದೆ ರೋಬೋಟ್ ಓಡ್ಲಿಕ್ಕುಂಟಾ? ಅದು ಕೆಸರಿಗೆ ಇಳಿದ್ರೆ ಅಲ್ಲೇ ಶಾರ್ಟ್ ಆಗ್ತದೆ."

ಅವನ ಮಾತು ನಿಜ. ಒಂಟೆಯ ಮೇಲಿನ ಮಗು ಬರೀ ಭಾರವಾಗಿತ್ತು, ಭಾರವನ್ನ ಇಳಿಸಬಹುದು. ಕಂಬಳದವನು ಯಾರ ಬೆನ್ನಿನ ಮೇಲೂ ಕೂರೋದಿಲ್ಲ. ತನ್ನ ಕಾಲಲ್ಲೇ ಓಡಬೇಕು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನ 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬಹುದು. ನೂರು ಮೀಟರಿಗೆ 9.55 ಸೆಕೆಂಡು ಅಂತ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ರು. ಕೋಣಗಳು ಎಳೆಯುವಾಗಿನ ವೇಗವನ್ನ ಬೋಲ್ಟ್ ವೇಗಕ್ಕೆ ಹೋಲಿಸೋದು ಸರಿಯಲ್ಲ ಬಿಡಿ. ಗೌಡರು ಸಾಯ್ ಟ್ರಯಲ್ಸಿಗೆ ಹೋಗದೆ ಕಂಬಳದಲ್ಲೇ ಉಳಿದ್ರು.

"ಚಿಕ್ಕಮ್ಮ ನಿನ್ನನ್ನ ಇಲ್ಲಿಗೆ ಕರೆಸಿಕೊ ಅಂತಾರೆ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ಲಿಗೆ ಬಂದ್ರೆ ನಾನು ಡ್ರೈವರ್. ಇಲ್ಲಿ ಮೈಕಿನಲ್ಲಿ ನನ್ನ ಹೆಸರು ಹೇಳ್ತಾರೆ ಅಣ್ಣಾ."

ಕಂಬಳದ ಫಲಿತಾಂಶ ಪೇಪರಿನಲ್ಲಿ ಬಂದಾಗ ನೋಡಿ. ಕೋಣದ ಯಜಮಾನರ ಹೆಸರಿನ ಕೆಳಗೆ 'ಓಡಿಸಿದವರು' ಅಂತ ಇನ್ನೊಂದು ಹೆಸರು ಇರುತ್ತೆ. ಶಹಾನಿಯಾದ ಆ ಮಕ್ಕಳಿಗೆ ಅಂಥದ್ದೊಂದು ಸಾಲು ಇರಲಿಲ್ಲ.

"ಸರಿ ಮಾರಾಯ, ಆಸ್ಪತ್ರೆ ಖರ್ಚು ಯಾರು ಕೊಟ್ರು?"

"ಅರ್ಧ ಯಜಮಾನ್ರು ಕೊಟ್ರು. ಉಳಿದದ್ದು ಅಮ್ಮನ ಚೀಟಿ ಫಂಡಿನ ದುಡ್ಡು."

ಆಗ ಅರ್ಥ ಆಯ್ತು. ಚಿಕ್ಕಮ್ಮ ಬೇಡ ಅಂತ ಇರೋದು ಓಟವನ್ನಲ್ಲ. ಇನ್ನೊಮ್ಮೆ ಬಿದ್ದರೆ ಕೊಡಲಿಕ್ಕೆ ಅವರ ಹತ್ತಿರ ಇನ್ನೊಂದು ಚೀಟಿ ಇಲ್ಲ.

ಎರಡು ರಾತ್ರಿ ಕೂತು ವಿಮೆ ಹುಡುಕಿದೆ. ಬ್ಯಾಂಕಿನಲ್ಲಿ ವರ್ಷಕ್ಕೆ ಇಪ್ಪತ್ತು ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಎರಡು ಲಕ್ಷದವರೆಗೆ ಸಿಗುತ್ತೆ, ಆದರೆ ಸಾವಿಗೆ, ಅಂಗ ಊನವಾದರೆ ಮಾತ್ರ. ಮೂಳೆ ಮುರಿದ ಆಸ್ಪತ್ರೆ ಬಿಲ್ಲಿಗೆ ಅಲ್ಲ. ಒಂದು ಖಾಸಗಿ ಕಂಪನಿಯ ಪಾಲಿಸಿ ಚೆನ್ನಾಗಿದೆ ಅಂತ ಓದ್ತಾ ಹೋದೆ. ಹನ್ನೊಂದನೇ ಪುಟದಲ್ಲಿ 'ಅಪಾಯಕಾರಿ ಕ್ರೀಡೆಗಳಿಗೆ ಅನ್ವಯಿಸುವುದಿಲ್ಲ' ಅಂತ ಇತ್ತು.

ಕೊನೆಗೆ ಧೈರ್ಯ ಮಾಡಿ ಯಜಮಾನರಿಗೇ ಫೋನ್ ಮಾಡಿದೆ. ಕೆಟ್ಟವರಲ್ಲ. ಕೋಣಗಳಿಗೆ ಹುರುಳಿ, ಎಣ್ಣೆ, ನೋಡಿಕೊಳ್ಳುವ ಜನ ಅಂತ ಅವರ ಖರ್ಚಿನ ಪಟ್ಟಿಯೂ ಉದ್ದವೇ ಇದೆ. ಎಲ್ಲ ಕೇಳಿಸಿಕೊಂಡೆ. ಆಮೇಲೆ ಕೇಳಿದೆ, "ಆ ಪಟ್ಟಿಯಲ್ಲಿ ಓಡಿಸುವವನಿಗೂ ಒಂದು ಸಾಲು ಹಾಕ್ಲಿಕ್ಕೆ ಆಗ್ತದಾ? ಅರ್ಧ ನಾನು ಕೊಡ್ತೇನೆ."

"ಮುಂದಿನ ಸೀಸನಿಗೆ ಮೊದಲು ಊರಿಗೆ ಬನ್ನಿ, ಕೂತು ಮಾತಾಡುವ" ಅಂದ್ರು.

ಅಕ್ಟೋಬರಿಗೆ ರಜೆ ಹಾಕಿದ್ದೇನೆ. ಆ ಮಾತು ಮುಗಿಯುವವರೆಗೆ ವೀಸಾ ಹುಡುಕೋದಿಲ್ಲ ಅಂತ ಚಿಕ್ಕಮ್ಮನಿಗೆ ಹೇಳಬೇಕು. ಇನ್ನೂ ಹೇಳಿಲ್ಲ, ಬೈಗುಳ ಗ್ಯಾರಂಟಿ. ನಿಮ್ಮ ಊರಲ್ಲೂ ಯಾರೋ ಒಬ್ಬರು ಇನ್ನೊಬ್ಬರ ಕೋಣ, ಎತ್ತು, ಕುದುರೆ ಓಡಿಸ್ತಾ ಇದ್ರೆ, ಗೆದ್ದ ದಿನ ಶಿಳ್ಳೆ ಹೊಡೆಯಿರಿ. ಜೊತೆಗೆ, ಬಿದ್ದ ದಿನದ ಖರ್ಚು ಯಾರದ್ದು ಅಂತಲೂ ಒಮ್ಮೆ ಕೇಳಿ ನೋಡಿ.

ಅಂದ ಹಾಗೆ, ಗೆದ್ದ ಕುದುರೆಯ ಚೀಟಿ ನಮ್ಮ ಮ್ಯಾನೇಜರ್ ಹತ್ತಿರ ಇತ್ತು. ಕರಕ್ ಚಾ ಇನ್ನೂ ಬಂದಿಲ್ಲ.